ಡಾಕ್ಟರು ಹೇಳಿದ ಎರಡನೆಯ ಮಾತು

ತೊಂಬತ್ತರ ದಶಕದ ನಡುವೆ ಶಿಕಾರಿಪುರದಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇತ್ತು. ಮದುವೆಯಾಗಿ ಆರು ವರ್ಷವಾಗಿತ್ತು. ಆಗ ಹೆಂಡತಿಗೆ ಕೆಳದವಡೆಯ ಎಡಭಾಗ ನೋಯಲು ಶುರುವಾಯಿತು. ಹಲ್ಲು ಹುಳುಕಾಗಿರಲಿಲ್ಲ, ಕೆನ್ನೆ ಊದಿರಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಬಲಗಡೆಯಿಂದಷ್ಟೇ ಅಗಿಯುತ್ತಿದ್ದಳು. ಅವಳ ತೌರು ಸೊರಬ. ಅಲ್ಲಿಗೆ ಹೋಗಲು ಇದೊಂದು ನೆವ ಎಂದೇ ನಾನು ತಿಳಿದೆ.

ಕೊನೆಗೆ ಹಲ್ಲಿನ ಡಾಕ್ಟರ ಬಳಿ ಎಕ್ಸ್‌ರೇ ತೆಗೆಸಿದೆ. ಮರುದಿನ ಕೇಳಲು ಒಬ್ಬನೇ ಹೋದೆ. ಅವರು ಹೆಬ್ಬೆರಳಿನಷ್ಟಗಲದ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದರು.

"ಇದ್ರಲ್ಲಿ ಏನೂ ಕಾಣ್ತಿಲ್ಲ. ಆದ್ರೆ ಇದು ಚಪ್ಪಟೆ ಚಿತ್ರ ನೋಡ್ರಿ, ಹಲ್ಲಿನ ಹಿಂದೆ ಇರೋದು ಹಲ್ಲಿನ ನೆರಳಲ್ಲೇ ಮುಚ್ಚಿಹೋಗ್ತದೆ. ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸ್ರಿ. ಅದ್ರಲ್ಲಿ ದವಡೆನ ಎಲ್ಲಾ ಕಡೆಯಿಂದ್ಲೂ ನೋಡಬಹುದು."

ಮನೆಗೆ ಬಂದು ಮೊದಲ ಮಾತನ್ನಷ್ಟೇ ಹೇಳಿದೆ.

"ಏನೂ ಇಲ್ವಂತೆ."

"ನೋಯ್ತದಲ್ರೀ ಮತ್ತೆ?"

"ಫಿಲ್ಮು ಸುಳ್ಳು ಹೇಳ್ತದೇನೆ?"

ಮದುವೆಗಳ ಕಾಲ. ಅಂಗಡಿ ಮುಚ್ಚಿ ದಾವಣಗೆರೆಗೆ ಹೋಗುವ ಮನಸ್ಸಿರಲಿಲ್ಲ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಇಂದು ಹೇಳಿಕೊಳ್ಳಲು ಸುಲಭವಾಗುತ್ತಿತ್ತು. ಅವಳು ಕೆನ್ನೆ ಹಿಡಿದು ಕೂತಾಗ ಅಮ್ಮನಿಗೆ ಆ ಫಿಲ್ಮು ತೋರಿಸಿ ನಕ್ಕಿದ್ದೂ ಉಂಟು.

ಎಂಟು ತಿಂಗಳ ಮೇಲೆ ಅವಳು ತೌರಿಗೆ ಹೋದಳು. ಅವಳ ಅಣ್ಣ ಸೊರಬದಿಂದ ನೇರ ದಾವಣಗೆರೆಗೆ ಕರೆದೊಯ್ದು, ಅಲ್ಲಿಂದ ಅಂಗಡಿಗೆ ಫೋನ್ ಮಾಡಿದ. ಸಿಕ್ಕಿದ ಬಸ್ಸು ಹತ್ತಿ ಹೋದೆ. ಅಲ್ಲಿಯ ಸರ್ಜನ್ನರು ಸ್ಕ್ಯಾನ್ ಚಿತ್ರಗಳನ್ನು ಮುಂದಿಟ್ಟರು. ದವಡೆಯನ್ನು ತೆಳ್ಳಗೆ ಹೋಳು ಮಾಡಿದ ಹಾಗೆ ಸಾಲು ಸಾಲು ಚಿತ್ರ. ಕೊನೆಯದರಲ್ಲಿ ಹೋಳುಗಳೆಲ್ಲ ಕೂಡಿ ಇಡೀ ದವಡೆಯೇ ಎದ್ದು ನಿಂತಂತಿತ್ತು. ನಾಲಿಗೆಯ ಕಡೆ ಮೂಳೆ ಟೊಳ್ಳಾಗಿತ್ತು. ಒಳಗೆ ನೀರಿನ ಗಂಟೊಂದು ಬೆಳೆದು ಮೂಳೆಯನ್ನು ತಿಂದಿತ್ತು.

"ಮೊದ್ಲೇ ಬಂದಿದ್ರೆ ಇಷ್ಟು ತೆಗೀಬೇಕಾಗ್ತಿರ್ಲಿಲ್ಲ" ಎಂದರು.

ನಾಲ್ಕು ಹಲ್ಲು, ಒಂದಿಷ್ಟು ಮೂಳೆ ಹೋದವು. ಎಡಗೆನ್ನೆ ಒಳಗೆ ಬಿತ್ತು.

ಶಿಕಾರಿಪುರಕ್ಕೆ ಮರಳಿದ ಮೇಲೆ ಗಾಯ ತೋರಿಸಲು ಇಬ್ಬರೂ ಅದೇ ಹಲ್ಲಿನ ಡಾಕ್ಟರ ಬಳಿ ಹೋದೆವು. "ಸ್ಕ್ಯಾನ್ ಮಾಡಿಸ್ರಿ ಅಂತ ಅವತ್ತೇ ಹೇಳಿದ್ನಲ್ಲ, ಯಾಕ್ರೀ ತಡ ಮಾಡಿದ್ರಿ?" ಎಂದು ಅವರು ನನ್ನನ್ನು ಕೇಳಿದರು.

ದಾರಿಯಲ್ಲಿ ಅವಳು ನಿಂತಳು. "ನಿಮಗೆ ಹೇಳಿದ್ರಾ?"

"ಹ್ಞೂಂ."

ಸೆರಗನ್ನು ಕೆನ್ನೆಗೆ ಎಳೆದುಕೊಂಡು ಮುಂದೆ ನಡೆದಳು. ಅಂದಿನಿಂದ ತನಗೆ ಎಲ್ಲಿ ನೋಯುತ್ತದೆಂದು ಅವಳು ನನಗೆ ಹೇಳಿಲ್ಲ. ಮರುವರ್ಷ ಹೊಟ್ಟೆನೋವು ಬಂದಾಗ ಅಣ್ಣನಿಗೆ ಫೋನ್ ಮಾಡಿ ಸೊರಬದ ಬಸ್ಸು ಹತ್ತಿದಳು. ಆ ಸುದ್ದಿ ನನಗೆ ಸಿಕ್ಕಿದ್ದು ಪಕ್ಕದ ಅಂಗಡಿಯವರಿಂದ.