ಆಚೆ ಮನೆಯವರ ಗಾಡಿ, ನನ್ನ ಹಿಡಿಸೂಡಿ

ಅವರ ಎಡಗೈಯ ತೋರುಬೆರಳು ಸುಮ್ಮನಿರುವಾಗಲೂ ಸ್ವಲ್ಪ ಮಡಚಿಕೊಂಡೇ ಇರುತ್ತಿತ್ತು. ಚಾ ಲೋಟ ಹಿಡಿದಾಗಲೂ ಬಸ್ಸಿಗೆ ಕಾಯುತ್ತ ನಿಂತಾಗಲೂ ಆ ಒಂದು ಬೆರಳು ಮಾತ್ರ ಕಣ್ಣಿಗೆ ಕಾಣದ ಏನನ್ನೋ ಮೆಲ್ಲನೆ ಎಳೆಯುತ್ತಿರುವ ಹಾಗೆ ಬಾಗಿರುತ್ತಿತ್ತು. ಬಂದೂಕು ಹಿಡಿದು ರೂಢಿಯಾದ ಬೆರಳು ಇದು ಎಂದು ನಾನು ಮೊದಲ ದಿನವೇ ತೀರ್ಮಾನಿಸಿದೆ. ಎಡಗೈಯವರೂ ಬಂದೂಕು ಹಿಡಿಯುತ್ತಾರಲ್ಲ.

ಮಕ್ಕಳೇ, ರಜೆಯಲ್ಲಿ ಮೂಡುಬಿದಿರೆಯಿಂದ ಬಂದ ಕೂಡಲೇ ನೀವು ನನ್ನ ಕಪಾಟಿನಿಂದ ತೆಗೆದು ಜಗಳವಾಡುವ ಆ ನೀಲಿ ಗಾಡಿ ಅವರದ್ದು. ಅಜ್ಜಿಗೆ ಇದನ್ನು ಓಡಿಸಲು ಹೇಗೆ ಬರುತ್ತದೆ ಎಂದು ನೀವು ಪ್ರತಿ ಸಲ ಕೇಳುತ್ತೀರಿ. ಬಾಯಿಯಿಂದ ಹೇಳಲು ನನಗೆ ನಾಚಿಕೆ. ಊರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆದು ಇಡುತ್ತೇನೆ. ನಾವು ಮಾತಾಡಿದ್ದು ತುಳುವಿನಲ್ಲಿ. ನಿಮಗೆ ಓದಲು ಆಗಲಿ ಎಂದು ಆ ಮಾತುಗಳನ್ನೂ ಕನ್ನಡಕ್ಕೆ ತಂದಿದ್ದೇನೆ. ಅವರ ಹೆಸರು ನಾನು ಬಾಯಲ್ಲಿ ಹೇಳಿದವಳಲ್ಲ, ಇಲ್ಲಿಯೂ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವರು ಆಚೆ ಮನೆಯವರು, ಅಷ್ಟೇ.

ಮೊದಲು ಜಾಗದ ವಿಷಯ ಹೇಳಬೇಕು. ರಸ್ತೆಗೂ ಆಚೆ ಮನೆಗೂ ನಡುವೆ ಇರುವುದು ನಮ್ಮ ಕಲ್ಲಿನ ಕೋರೆ. ನಿಮ್ಮ ಅಜ್ಜ ಈ ಮನೆ ಕಟ್ಟಲು ಮುರಕಲ್ಲು ಕಡಿಸಿದ್ದು ಅಲ್ಲಿಂದಲೇ. ಕಲ್ಲು ತೆಗೆದ ಮೇಲೆ ಉಳಿದದ್ದು ಸಮತಟ್ಟಾದ ಕೆಂಪು ನೆಲ, ಒಂದು ಮೂಲೆಯಲ್ಲಿ ಹೊಂಡ. ಆಚೆ ಮನೆಯ ಅಂಗಳ ಈ ನೆಲಕ್ಕೆ ತಾಗಿಕೊಂಡೇ ಇದೆ. ಆದರೂ ಅವರು ರಸ್ತೆಗೆ ಬರಬೇಕಾದರೆ ಸುತ್ತು ಹಾಕಿ, ನೀರು ಹರಿಯುವ ತೋಡಿನ ಬದಿಯ ಕಡಿದಾದ ಮೆಟ್ಟಿಲು ಹತ್ತಿ ಬರಬೇಕು. ಆ ಮನೆಗೆ ಗಾಡಿ ಹೋಗುವ ದಾರಿ ಇಲ್ಲ. ಅಜ್ಜ ಹಾಸಿಗೆ ಹಿಡಿದಿದ್ದಾಗ ನನ್ನನ್ನು ಹತ್ತಿರ ಕರೆದು ಹೇಳಿದ್ದು ಇಷ್ಟೇ: "ಕೋರೆ ಮಗಳಿಗೆ. ಯಾರಿಗೂ ದಾರಿ ಬಿಡಬೇಡ."

ಅಜ್ಜ ತೀರಿಹೋದ ಮೇಲೆ ರಸ್ತೆಯ ಕಡೆ, ಹಿಂದೆ ಕಲ್ಲಿನ ಲಾರಿ ಬರುತ್ತಿದ್ದ ಬಾಯಿಗೆ, ಕಬ್ಬಿಣದ ಗೇಟು ಇಡಿಸಿ ಬೀಗ ಹಾಕಿದೆ. ಬೀಗದ ಕೈ ನನ್ನ ಸೊಂಟದ ಗೊಂಚಲಿಗೆ ಸೇರಿತು.

ಹೀಗಿರುವಾಗ ಆಚೆ ಮನೆಯನ್ನು ಗಲ್ಫಿನಿಂದ ಬಂದವರೊಬ್ಬರು ಕೊಂಡರು. ದೊಡ್ಡ ಟ್ರೈಲರ್ ಓಡಿಸುವ ಕೆಲಸದಲ್ಲಿದ್ದವರು ಎಂದು ಸುದ್ದಿ. ಹೆಂಡತಿ ಬಂಟ್ವಾಳದ ಬಟ್ಟೆ ಅಂಗಡಿಗೆ ಬೆಳಿಗ್ಗೆ ಹೋದರೆ ಸಂಜೆ ಬರುವವರು. ಮಗಳನ್ನು ಕಕ್ಕಿಂಜೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಲ್ಫಿನಿಂದ ಬಂದವರು ಮೊದಲು ಕಾರು ತೆಗೆಯುತ್ತಾರೆ. ಇವರು ಸ್ಕೂಟರನ್ನೂ ತೆಗೆಯಲಿಲ್ಲ. ಬಸ್ಸಿನಲ್ಲೇ ಹೋಗಿ ಬಸ್ಸಿನಲ್ಲೇ ಬರುತ್ತಿದ್ದರು. ಜೀವಮಾನವೆಲ್ಲ ಗಾಡಿ ಓಡಿಸಿದ ಮನುಷ್ಯ ಯಾಕೆ ಹೀಗೆ? ದಾರಿ ಇಲ್ಲದ ಜಾಗವನ್ನು ಯಾಕೆ ಕೊಂಡರು? ನನಗೆ ಉತ್ತರ ಗೊತ್ತಿತ್ತು. ಅವರ ಕಣ್ಣು ನಮ್ಮ ಕೋರೆಯ ಮೇಲೆ.

ಬಂದ ವಾರದಲ್ಲೇ ಒಂದು ಪೊಟ್ಟಣ ಖರ್ಜೂರ ಕೊಟ್ಟು ಹೋದರು. ನಾನು ಮೊದಲು ಎರಡನ್ನು ಕೋಳಿಗಳಿಗೆ ಹಾಕಿ ಮರುದಿನದವರೆಗೆ ಕಾದೆ. ಕೋಳಿಗಳಿಗೆ ಏನೂ ಆಗಲಿಲ್ಲ. ಆದರೂ ಉಳಿದದ್ದನ್ನು ನಾನು ತಿನ್ನಲಿಲ್ಲ.

ಸಂಜೆ ಹೊತ್ತು ಅವರು ಜಗಲಿಯಲ್ಲಿ ಒಂದು ಮಣ್ಣಿನ ಮಡಕೆ ಇಟ್ಟುಕೊಂಡು ಅದರ ಮುಂದೆ ಅಲ್ಲಾಡದೆ ಕೂರುತ್ತಿದ್ದರು. ಮಡಕೆಯ ಒಳಗಿಂದ ಒಂದು ವಯರು ಹೊರಗೆ ಬಂದಿತ್ತು. ಆಗಾಗ ಬಗ್ಗಿ ಒಳಗೆ ಕೈ ಇಟ್ಟು ಮುಟ್ಟಿ ನೋಡುವರು. ಇದು ಮಾಟವೇ ಇರಬೇಕು, ಈಗ ವಯರು ಹಾಕಿಯೂ ಮಾಡುತ್ತಾರೇನೋ ಎಂದುಕೊಂಡು ನಾನು ಹೊಸ್ತಿಲಿನ ಎರಡೂ ಬದಿಗೆ ಉಪ್ಪು ಹಾಕಿದೆ. ಆ ಮಡಕೆಯಲ್ಲಿದ್ದದ್ದು ಗಾಡಿಯ ಬ್ಯಾಟರಿ ಎಂದು ತಿಳಿದದ್ದು ಎಷ್ಟೋ ಸಮಯದ ನಂತರ. ಆ ಜಾತಿಯ ಬ್ಯಾಟರಿ ಚಾರ್ಜಿಗೆ ಇಟ್ಟಾಗ ಬೆಂಕಿ ಹಿಡಿಯುವುದುಂಟಂತೆ. ಅದಕ್ಕೆ ಮಡಕೆ, ಅದಕ್ಕೆ ಕಾವಲು.

ಒಂದು ದಿನ ಗಾಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದರು. ಕೋಳಿ ಮುಚ್ಚುವ ಬುಟ್ಟಿಯಷ್ಟು ದೊಡ್ಡದು. ನೀಲಿ ಮೈ, ಸುಲಿಯದ ತೆಂಗಿನಕಾಯಿಯಷ್ಟು ದಪ್ಪದ ನಾಲ್ಕು ಚಕ್ರ, ಒಂದೊಂದು ಚಕ್ರಕ್ಕೂ ಸ್ಪ್ರಿಂಗು.

"ಅಕ್ಕ, ನಿಮ್ಮ ಕೋರೆಯಲ್ಲಿ ಇದನ್ನು ಸ್ವಲ್ಪ ಓಡಿಸಬಹುದಾ? ಮಾನ್‌ಸ್ಟರ್ ಟ್ರಕ್ ಅಂತ ಹೇಳ್ತಾರೆ ಇದಕ್ಕೆ. ರಿಮೋಟಿನದ್ದು. ನನ್ನ ಅಂಗಳ ಇದಕ್ಕೆ ಸಾಕಾಗುದಿಲ್ಲ."

ಗಂಡಸರ ಮುಂದೆ ನನಗೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಹೂಂ ಎನ್ನಲೂ ಏಳುವುದಿಲ್ಲ. ಸೆರಗು ಹಿಡಿದುಕೊಂಡು ನೆಲ ನೋಡಿದೆ. ಅವರು "ಉಪಕಾರ ಆಯ್ತು ಅಕ್ಕ" ಎಂದು ಹೇಳಿ ಹೋದರು.

ಭಾನುವಾರ ನನ್ನ ಮೈದುನ, ಎಂದರೆ ನಿಮ್ಮ ಅಜ್ಜನ ತಮ್ಮ, ಬಿ.ಸಿ.ರೋಡಿನಿಂದ ಬಂದ. ಕೋರೆಯ ನೆಲ ನೋಡಿ ಅವನ ಮುಖ ಗಂಟಿಕ್ಕಿತು.

"ಎಂತದು ಅತ್ತಿಗೆ, ಚಕ್ರದ ಗುರುತು?"

"ಅದು ಆಟದ ಗಾಡಿ ಮಾರಾಯ. ಇಷ್ಟೇ ಇಷ್ಟು ಉಂಟು."

"ಗುರುತಿಗೆ ಸಣ್ಣದು ದೊಡ್ಡದು ಉಂಟಾ? ಇವತ್ತು ಇದು, ನಾಡಿದ್ದು ಕೈಗಾಡಿ, ಮತ್ತೆ ಜೀಪು. ಕೊನೆಗೆ ನಾಲ್ಕು ಜನರನ್ನು ಕರೆದು ತೋರಿಸ್ತಾನೆ, ಇಲ್ಲಿ ಮೊದಲಿನಿಂದಲೂ ಗಾಡಿ ಹೋಗ್ತಾ ಇತ್ತು ಅಂತ. ಐವತ್ತು ದಾಟಿದ ಗಂಡಸು ಆಟ ಆಡ್ತಾನೆ ಅಂದರೆ ನೀವು ನಂಬುದಾ? ನಿಮಗೆ ಬುದ್ಧಿ ಯಾವಾಗ ಬರುದು?"

ನಮ್ಮ ಕಡೆ ಜಗಳವಾಗಿ ಮನೆ ಮನೆ ಮಾತು ಬಿಟ್ಟದ್ದು ಹೆಚ್ಚಾಗಿ ದಾರಿಯ ವಿಷಯಕ್ಕೇ. ಅವನು ಹೇಳಿದ್ದು ಸುಳ್ಳಲ್ಲ. ಆ ದಿನದಿಂದ ಅವರು ಗಾಡಿ ಓಡಿಸಿ ಮನೆಗೆ ಹೋದ ಕೂಡಲೇ ನಾನು ಹಿಡಿಸೂಡಿ ಹಿಡಿದು ಕೋರೆಗೆ ಇಳಿಯುತ್ತಿದ್ದೆ. ಒಂದು ಗುರುತು ಉಳಿಯದ ಹಾಗೆ ಗುಡಿಸಿ, ಕೊನೆಗೆ ನನ್ನ ಹೆಜ್ಜೆಯ ಗುರುತನ್ನೂ ಗುಡಿಸುತ್ತ ಹಿಂದೆ ಹಿಂದೆ ಬಂದು ಅಂಗಳ ಸೇರುತ್ತಿದ್ದೆ. ಅವರು ಓಡಿಸುವಾಗ ಹಲಸಿನ ಮರದ ಮರೆಯಲ್ಲಿ ನಿಂತು, ಗೇಟಿನ ಕಡೆ ಎಷ್ಟು ಹತ್ತಿರ ಹೋಗುತ್ತಾರೆ ಎಂದು ನೋಡುತ್ತಿದ್ದೆ. ಮಡಚಿದ ಬೆರಳಿನ ಗುಟ್ಟು ಆಗ ಗೊತ್ತಾಯಿತು. ಪಿಸ್ತೂಲಿನಂಥ ರಿಮೋಟನ್ನು ಎಡಗೈಯಲ್ಲಿ ಹಿಡಿದು ಆ ಬೆರಳಿನಿಂದ ಕುದುರೆ, ಎಂದರೆ ಟ್ರಿಗರ್, ಎಳೆದರೆ ಗಾಡಿ ಓಡುತ್ತಿತ್ತು. ಬಲಗೈಯಲ್ಲಿ ಸಣ್ಣ ಚಕ್ರ ತಿರುಗಿಸಿದರೆ ಗಾಡಿ ತಿರುಗುತ್ತಿತ್ತು. ಬಂದೂಕಲ್ಲ ಎಂದು ಗೊತ್ತಾದರೂ ನನ್ನ ಸಂಶಯ ಹೋಗಲಿಲ್ಲ.

ಒಂದು ಸಂಜೆ ತೋಡಿನ ಬಳಿ ಎದುರಾದಾಗ ಅವರು ನಿಂತು ಹೇಳಿದರು, "ಅಕ್ಕ, ನೀವು ಕೋರೆ ಗುಡಿಸಿ ಇಡುದು ಬಹಳ ಒಳ್ಳೆಯದಾಯ್ತು. ಈಗ ಕಡ್ಡಿ, ನಾರು ಎಂತದೂ ಚಕ್ರಕ್ಕೆ ಸುತ್ತಿಕೊಳ್ಳುದಿಲ್ಲ."

ಇದು ಉಪಕಾರ ಸ್ಮರಣೆಯೋ ಕೊಂಕೋ ತಿಳಿಯಲಿಲ್ಲ. ಮುಖದಲ್ಲಿ ನಗು ಇತ್ತು. ನಗುವವರನ್ನು ನಾನು ಇನ್ನೂ ಹೆಚ್ಚು ನಂಬುವುದಿಲ್ಲ.

ಆಮೇಲೆ ಆ ಮಧ್ಯಾಹ್ನ ಬಂತು. ಮರದ ಮರೆಯಿಂದ ನೋಡುತ್ತಿದ್ದೆ. ಗಾಡಿ ಇದ್ದಕ್ಕಿದ್ದಂತೆ ನೆಟ್ಟಗೆ ಓಡಿತು, ಹೊಂಡದ ಕಡೆಗೆ, ತಿರುಗಲೇ ಇಲ್ಲ. ಧಡ್ ಎಂದು ಒಳಗೆ ಬಿತ್ತು. ನೋಡಿದರೆ ಅವರು ನೆಲದ ಮೇಲೆ ಬಿದ್ದಿದ್ದರು. ಕೈಕಾಲು ಅದುರುತ್ತಿತ್ತು. ಸತ್ಯ ಹೇಳುತ್ತೇನೆ, ಮೊದಲು ನನಗೆ ಬಂದ ಯೋಚನೆ, ಇದು ನನ್ನನ್ನು ಮರೆಯಿಂದ ಹೊರಗೆ ತರುವ ನಾಟಕವೋ ಎಂದು. ಬಾಯಲ್ಲಿ ನೊರೆ ಕಂಡ ಮೇಲೆ ಓಡಿದೆ. ಪಕ್ಕಕ್ಕೆ ಹೊರಳಿಸಿ ತಲೆಯ ಕೆಳಗೆ ಸೆರಗು ಮಡಚಿ ಇಟ್ಟೆ. ಇಂಥ ಹೊತ್ತಿಗೆ ಕೈಯಲ್ಲಿ ಕಬ್ಬಿಣ ಹಿಡಿಸಬೇಕು ಎಂದು ನಮ್ಮಲ್ಲಿ ನಂಬಿಕೆ. ಹತ್ತಿರ ಬೇರೆ ಕಬ್ಬಿಣ ಇರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಬಿಡದ ನನ್ನ ಬೀಗದ ಕೈಗಳ ಗೊಂಚಲನ್ನು ಸೊಂಟದಿಂದ ಬಿಚ್ಚಿ ಅವರ ಬಲ ಮುಷ್ಟಿಯೊಳಗೆ ತುರುಕಿದೆ. ಎಡಗೈಯ ಬೆರಳು ಇನ್ನೂ ರಿಮೋಟಿನ ಕುದುರೆಯನ್ನು ಎಳೆದು ಹಿಡಿದಿತ್ತು; ಹೊಂಡದಲ್ಲಿ ಗಾಡಿ ಬೋರಲು ಬಿದ್ದು ಚಕ್ರ ಗಿರ್ರನೆ ತಿರುಗುತ್ತಲೇ ಇತ್ತು.

ಸ್ವಲ್ಪ ಹೊತ್ತಿನಲ್ಲಿ ಕಣ್ಣು ಬಿಟ್ಟರು. ಎದ್ದು ಕೂರಲು ಇನ್ನಷ್ಟು ಹೊತ್ತು ಬೇಕಾಯಿತು. ಮೊದಲು ಕೇಳಿದ್ದು, "ಗಾಡಿ ಆಫ್ ಮಾಡಿದಿರಾ?"

"ನನಗೆಂತ ಗೊತ್ತು ಅದೆಲ್ಲ? ಹೊಂಡದಲ್ಲಿ ಉಂಟು."

ಕೈಯಲ್ಲಿದ್ದ ಗೊಂಚಲನ್ನು ನೋಡಿದರು. ನನ್ನನ್ನು ನೋಡಿದರು. ಗೊಂಚಲನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆ ಚಾಚಿ, "ಎಣಿಸಿಕೊಳ್ಳಿ ಅಕ್ಕ" ಎಂದರು.

ನಾನು ನಾಚಿಕೆಯಿಂದ ಸತ್ತ ಹಾಗಾದೆ. ಮನೆಗೆ ಹೋಗಿ ಎಣಿಸಿದೆ, ಸರಿಯಾಗಿತ್ತು.

ಹೋಗುವ ಮೊದಲು ಅವರು ಹೇಳಿದ್ದನ್ನು ನಾನು ಅವರು ಇರುವವರೆಗೆ ಯಾರಿಗೂ ಹೇಳಲಿಲ್ಲ. ಗಲ್ಫಿನಲ್ಲಿ ಟ್ರೈಲರ್ ಓಡಿಸುತ್ತಿದ್ದಾಗಲೇ ಒಮ್ಮೆ ಹೀಗಾಗಿತ್ತಂತೆ. ಮರಳಿಗೆ ನುಗ್ಗಿ ನಿಂತದ್ದರಿಂದ ಯಾರೂ ಸಾಯಲಿಲ್ಲ. ಇನ್ನು ಸ್ಟೇರಿಂಗ್ ಮುಟ್ಟಬಾರದು ಎಂದು ವೈದ್ಯರು ಹೇಳಿದರು. ಶುಕ್ರವಾರದ ರಜೆಯಲ್ಲಿ ಜೊತೆಗಾರರೊಡನೆ ಮರಳಿನಲ್ಲಿ ಓಡಿಸಿ ಕಲಿತ ಈ ಸಣ್ಣ ಗಾಡಿ ಮಾತ್ರ ಉಳಿಯಿತು.

"ನನಗೆ ಗುಣ ಆಗಿದೆ ಅಂತ ಹೆಂಡತಿಗೆ ಹೇಳಿದ್ದೇನೆ. ಇವತ್ತಿನದ್ದು ಹೇಳಬೇಡಿ. ಗೊತ್ತಾದರೆ ಕೆಲಸ ಬಿಟ್ಟು ನನ್ನನ್ನು ಕಾದುಕೊಂಡು ಕೂರ್ತಾಳೆ. ಒಂದು ಸಹಾಯ ಮಾಡ್ತೀರಾ? ನಾನು ಬಿದ್ದರೆ ಗಾಡಿ ಆಫ್ ಮಾಡಲು ಒಬ್ಬರು ಬೇಕು. ಹೇಗೂ ನೀವು ಮರದ ಹಿಂದೆ ಇರ್ತೀರಲ್ಲ. ಈಚೆ ಬಂದು ಕೂತ್ಕೊಳ್ಳಿ."

ಹಾಗೆ ನನ್ನ ಪಾಠ ಶುರುವಾಯಿತು. ನೀವು ಗಾಡಿ ಕೈಗೆ ಸಿಕ್ಕಿದ ಕೂಡಲೇ ಪೂರ್ತಿ ವೇಗದಲ್ಲಿ ಬಿಡುತ್ತೀರಿ. ನನಗೆ ಅವರು ಮೊದಲು ಕಲಿಸಿದ್ದು ನಿಲ್ಲಿಸುವುದನ್ನು. "ಶುರು ಮಾಡುವಾಗ ಮೊದಲು ರಿಮೋಟು, ಮತ್ತೆ ಗಾಡಿ. ನಿಲ್ಲಿಸುವಾಗ ಮೊದಲು ಗಾಡಿ, ಮತ್ತೆ ರಿಮೋಟು. ಹಿಡಿಯುವವರು ಇಲ್ಲದೆ ಗಾಡಿಗೆ ಜೀವ ಕೊಡಬಾರದು ಅಕ್ಕ." ಆಮೇಲೆ ಚಕ್ರ ಬಿಚ್ಚುವುದು, ನಟ್ಟು ಬಿಗಿ ಮಾಡುವುದು, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆಂಪು ಧೂಳು ತೆಗೆಯುವುದು. "ಅಂಗಡಿಯ ಆಟದ ಗಾಡಿ ಮುರಿದರೆ ಬಿಸಾಡುದು. ಇದು ಮುರಿದರೆ ಬಿಚ್ಚುದು. ಯಾವ ತುಂಡು ಹೋಯ್ತೋ ಅದೊಂದೇ ತರಿಸಿದರೆ ಸಾಕು." ಊರವರು ಅನುಮಾನದಿಂದ ನೋಡುತ್ತಿದ್ದ, ಆಗಾಗ ಅವರ ಹೆಸರಿಗೆ ಬರುತ್ತಿದ್ದ ಸಣ್ಣ ಪೆಟ್ಟಿಗೆಗಳಲ್ಲಿ ಇದ್ದದ್ದು ಆ ತುಂಡುಗಳೇ.

ಓಡಿಸಲು ಕೊಟ್ಟಾಗಲೂ ವೇಗವನ್ನು ಅರ್ಧಕ್ಕೆ ಇಳಿಸಿ ಕೊಟ್ಟರು. ದೂರ ಹೋಗುವಾಗ ಸುಲಭ. ತಿರುಗಿ ನನ್ನ ಎದುರಿಗೆ ಬರುವಾಗ ಎಡವೆಲ್ಲ ಬಲವಾಗಿ, ಗಾಡಿ ಕಲ್ಲಿನ ಗೋಡೆಗೆ ಹೊಡೆಯಿತು.

"ನೀವು ನಿಂತಲ್ಲಿಂದ ನೋಡಬೇಡಿ ಅಕ್ಕ. ಒಳಗೆ ಕೂತವರ ಹಾಗೆ ನೋಡಿ. ಅವರ ಬಲ ಯಾವ ಕಡೆ?"

"ಅದರ ಒಳಗೆ ಯಾರೂ ಇಲ್ಲವಲ್ಲ."

"ನಾನಿದ್ದೇನೆ ಅಂತ ತಿಳಿದುಕೊಳ್ಳಿ. ನಿಧಾನಕ್ಕೆ ತನ್ನಿ, ನನಗೆ ಜೀವದ ಆಸೆ ಉಂಟು."

ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ. ಅಜ್ಜ ಹೋದ ಮೇಲೆ ಹೊರಗಿನವರ ಮುಂದೆ ನಕ್ಕದ್ದು ಅದೇ ಮೊದಲು.

ಆದರೆ ಮಕ್ಕಳೇ, ನಾನು ಅಷ್ಟಕ್ಕೆ ಕರಗಿಹೋದೆ ಎಂದು ತಿಳಿಯಬೇಡಿ. ಅವರಿಗೆ ರಸ್ತೆ ಬೇಡದಿರಬಹುದು, ಅವರ ಅಳಿಯನಿಗೆ ಬೇಡವೇ? ಕಕ್ಕಿಂಜೆಯ ಅಳಿಯನಿಗೆ ಕಾರು ಇತ್ತು. ಬಂದಾಗಲೆಲ್ಲ ಅದನ್ನು ರಸ್ತೆಯ ಬದಿಯಲ್ಲಿ ನಿಲ್ಲಿಸಿ ನಮ್ಮ ಗೇಟನ್ನೇ ನೋಡುತ್ತಿದ್ದ. ನನ್ನ ಕೈಯಿಂದಲೇ ಗಾಡಿ ಓಡಿಸಿದ್ದೂ ನಾಳೆ ನನ್ನ ಬಾಯಿ ಕಟ್ಟುವ ಉಪಾಯವಾಗಿರಬಹುದು. ಹಾಗಾಗಿ ಸಂಜೆ ಒಟ್ಟಿಗೆ ಗಾಡಿ ಓಡಿಸಿದರೂ ಅವರು ಮನೆಯೊಳಗೆ ಹೋದ ಮೇಲೆ ನಾನು ಹಿಡಿಸೂಡಿ ತೆಗೆದುಕೊಳ್ಳುವುದನ್ನು ಬಿಡಲಿಲ್ಲ.

ಕಳೆದ ವರ್ಷ ಮಾರ್ನೆಮಿಯ, ಎಂದರೆ ನವರಾತ್ರಿಯ, ಸಮಯದಲ್ಲಿ ಎದೆನೋವು ಎಂದು ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ತೋಡಿನ ಬದಿಯಿಂದ ಕುರ್ಚಿಯಲ್ಲಿ ಹೊತ್ತುಕೊಂಡು ಹೋದದ್ದು ನನಗೆ ಗೊತ್ತಾದದ್ದು ಅವರು ಹೊರಟುಹೋದ ಮೇಲೆ. ಎರಡು ದಿನ ಕಳೆದು ಆಂಬುಲೆನ್ಸು ಬಂದು ರಸ್ತೆಯಲ್ಲಿ ನಿಂತಿತು. ಒಳಗೆ ಅವರಿದ್ದರು, ಜೀವ ಇರಲಿಲ್ಲ. ಗಂಡಸರು ನಾಲ್ಕು ಜನ ಸೇರಿ, ಜಾರುವ ಆ ಮೆಟ್ಟಿಲಲ್ಲಿ ಹೇಗೆ ಇಳಿಸುವುದು ಎಂದು ಮಾತಾಡುತ್ತಿದ್ದರು. ನನ್ನ ಮೈದುನನೂ ಬಂದಿದ್ದ. ನಾನು ಗೇಟಿನ ಒಳಗೆ ನಿಂತಿದ್ದೆ. ಅಳಿಯ ನನ್ನ ಕಡೆ ನೋಡಿ ಬಾಯಿ ತೆರೆದ. ಅವರ ಹೆಂಡತಿ ಅವನ ಕೈ ಹಿಡಿದು ನಿಲ್ಲಿಸಿದರು.

"ಬೇಡ. ಅವರು ಹೇಳಿ ಹೋಗಿದ್ದಾರೆ. ಸತ್ತರೂ ತೋಡಿನ ಬದಿಯಿಂದಲೇ ತನ್ನಿ, ಅಕ್ಕನ ಕೋರೆಗೆ ಚಕ್ರ ಇಳಿಸಬೇಡಿ ಅಂತ." ಮತ್ತೆ ನನ್ನ ಕಡೆ ತಿರುಗಿದರು. ಆ ಅಳುವಿನಲ್ಲೂ ಧ್ವನಿ ಗಟ್ಟಿಯಾಗಿತ್ತು. "ಪಾಪ, ಸಣ್ಣ ಗಾಡಿಯ ಗುರುತು ಗುಡಿಸಿಯೇ ಅಕ್ಕನ ಸೊಂಟ ಹೋಗಿದೆ, ದೊಡ್ಡದರದ್ದು ಹೇಗೆ ಗುಡಿಸ್ತಾರೆ ಅಂತ ಹೇಳ್ತಿದ್ದರು."

ನಾನು ಗೊಂಚಲು ಬಿಚ್ಚಿದೆ. ಒಂದೊಂದೇ ಬೀಗದ ಕೈ ಸರಿಸಿ ಗೇಟಿನದ್ದನ್ನು ಹುಡುಕಿದೆ. ಗೇಟು ತೆರೆದು, ಅಷ್ಟು ಗಂಡಸರ ಮುಂದೆ, "ಇಲ್ಲಿಂದ ತನ್ನಿ" ಎಂದೆ.

ಮೈದುನ ಹತ್ತಿರ ಬಂದು ತಗ್ಗಿದ ಧ್ವನಿಯಲ್ಲಿ, "ಅತ್ತಿಗೆ, ನಾಳೆ..." ಎಂದ.

"ನೀನು ಗೇಟಿನ ಆ ಬದಿ ಹಿಡಿ" ಎಂದೆ.

ಆಂಬುಲೆನ್ಸು ಕೋರೆಯ ನೆಲದ ಮೇಲೆ ಮೆಲ್ಲನೆ ಸಾಗಿ ಅವರ ಅಂಗಳದಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ರೂಢಿಯಂತೆ ಹಿಡಿಸೂಡಿ ಹಿಡಿದು ಇಳಿದೆ. ಹಸಿ ಮಣ್ಣಿನಲ್ಲಿ ರಸ್ತೆಯಿಂದ ಅವರ ಅಂಗಳದವರೆಗೆ ಎರಡು ಸಾಲು ಚಕ್ರದ ಗುರುತು ಅಗಲವಾಗಿ ಬಿದ್ದಿತ್ತು. ಅದರ ಮೇಲೆ ಹಲಸಿನ ಎಲೆಗಳು ಉದುರಿದ್ದವು. ಎಲೆಗಳನ್ನು ಮಾತ್ರ ಗುಡಿಸಿದೆ.

ಬೊಜ್ಜದ ಉತ್ತರಕ್ರಿಯೆ ಕಳೆದ ಮೇಲೆ ಅವರ ಹೆಂಡತಿ ಗಾಡಿ, ರಿಮೋಟು, ಮಡಕೆ ಮೂರನ್ನೂ ತಂದು ನನ್ನ ಜಗಲಿಯಲ್ಲಿಟ್ಟರು. ಇದನ್ನು ನಿಲ್ಲಿಸಲು ಬರುವುದು ನಿಮಗೊಬ್ಬರಿಗೇ ಎಂದರು. ಬಿದ್ದ ವಿಷಯ ಅವರಿಗೂ ಗೊತ್ತಿತ್ತು ಎಂದು ನನಗೆ ಅನಿಸಿತು.

ನಾನು ಈಗಲೂ ಯಾರನ್ನೂ ಬೇಗ ನಂಬುವವಳಲ್ಲ. ನೀವೂ ಹಾಗೆಯೇ ಇರಿ. ಕೋರೆಯ ಗೇಟಿಗೆ ಈಗಲೂ ಬೀಗ ಇದೆ. ಆ ಜಾಗ ನಿಮ್ಮ ಅಮ್ಮನದ್ದು, ಅವಳನ್ನು ಕೇಳಿಯೇ ಒಂದು ಕೆಲಸ ಮಾಡಿದೆ. ಮಲಗುವ ಮೊದಲು ಗೊಂಚಲು ಎಣಿಸುವ ಅಭ್ಯಾಸ ನನಗೆ ಹೋಗಿಲ್ಲ. ಎಣಿಸಿದರೆ ಒಂದು ಕಡಿಮೆ ಬರುತ್ತದೆ. ಗೇಟಿನ ಆ ಬೀಗದ ಕೈ ಆಚೆ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ.