ಮಗಳಿಗಾಗಿ ಬಿಟ್ಟ ಮಾತು

ಅವತ್ತು ಬೆಳಿಗ್ಗೆ ಮಗಳು ಲೋಟ ತೋರಿಸಿ "ನೀರು" ಅಂದಳು. ಸ್ಪಷ್ಟವಾಗಿ. ಮೂರು ವರ್ಷ ತುಂಬಿದ ಮೇಲೆ ಬಂದ ಮೊದಲ ಮಾತು. ಮನೆಯವರೆಲ್ಲ ಹಿಗ್ಗಿದರು. ಮಾರನೆ ದಿನ ಅದೇ ಲೋಟಕ್ಕೆ "ಈಯು" ಅಂದಳು. ಸಂಜೆ "ದೂಯಿ". ಆಮೇಲೆ ಬರೀ ತುಟಿ ಅಲುಗಿತು, ನಾಲಿಗೆ ಅತ್ತಿತ್ತ ಹೊರಳಿತು, ಕತ್ತಲಲ್ಲಿ ಗೋಡೆಯ ಮೇಲೆ ಸ್ವಿಚ್ಚಿಗೆ ತಡಕಾಡುವ ಕೈಯ ಹಾಗೆ.

ದನಿ ಬರಲಿಲ್ಲ.

ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಚಪ್ಪಲಿ ತಾ ಅಂದರೆ ತರುತ್ತಿದ್ದಳು. ಎಳೆಗೂಸಾಗಿದ್ದಾಗಲೂ ಬಾಬಾ, ತಾತಾ ಅಂತ ದನಿ ಮಾಡಿದವಳಲ್ಲ. ಎಂಥ ಜಾಣ ಮಗು, ಗಲಾಟೆಯೇ ಇಲ್ಲ ಅಂತ ನಾವು ಬೀಗಿದ್ದೆವು.

ಮಾತು ಬರಲಿ ಅಂತ ಅತ್ತೆ ಬಜೆ ತೇಯ್ದು ಜೇನಿನಲ್ಲಿ ಕಲಸಿ ಅವಳ ನಾಲಿಗೆಗೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ಡು ಬಾಸೆ ಕಿವಿಗ್ ಬಿದ್ರೆ ಮಗ ಹೆಂಗ್ ಮಾತಾಡ್ತದೆ? ನಿನ್ ತೆಲುಗು ಬುಟ್ಬುಡು ಕಣಮ್ಮ."

ನಾನು ಪಾವಗಡದ ಕಡೆಯವಳು, ಮನೆಮಾತು ತೆಲುಗು. ಮದುವೆಯಾಗಿ ಬಂದದ್ದು ಮಧುಗಿರಿಯ ಕನ್ನಡದ ಮನೆಗೆ. ಇಲ್ಲಿ ನಾನು ತೆಲುಗು ಆಡುತ್ತಿದ್ದದ್ದು ಮಗಳ ಜೊತೆ ಮಾತ್ರ. ಬಾ ಅನ್ನುವುದಕ್ಕೆ ನಾವು "ದಾ" ಅನ್ನುತ್ತೇವೆ. ಕೈಚಾಚಿ "ದಾ, ದಾ" ಅಂದರೆ ಅಂಬೆಗಾಲಿಟ್ಟು ಬರುತ್ತಿದ್ದಳು. ಅದನ್ನೂ ಬಿಟ್ಟೆ. ನಮ್ಮೂರಿನಲ್ಲಿ ತೆಲುಗು, ಕನ್ನಡ ಎರಡನ್ನೂ ಮಾತಾಡದ ಮಗುವೇ ಇರಲಿಲ್ಲ ಅನ್ನುವುದು ಆಗ ತಲೆಗೆ ಹೊಳೆಯಲೇ ಇಲ್ಲ ನೋಡಿ!

ಮನೆ ತುಂಬ ಜನ, ನಾನು ಮಾತ್ರ ಒಂಟಿ. ಅವಳಿಗೆ ಮಾತು ಬರಲಿಲ್ಲ, ನನ್ನದು ಗಂಟಲಲ್ಲೇ ಉಳಿಯಿತು. ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತ ಸುಮ್ಮನೆ ಕೂರುತ್ತಿದ್ದೆವು. ಅಂಗನವಾಡಿಯ ಮಕ್ಕಳು ಅವಳನ್ನು ಮೂಗಿ ಅಂದ ದಿನ ತಡೆಯಲಾಗಲಿಲ್ಲ. ಗಂಡನನ್ನು ಹೊರಡಿಸಿಕೊಂಡು ಅವಳನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ದೆ.

ಹಿಯರಿಂಗ್ ಟೆಸ್ಟ್ ಸರಿಯಾಗಿಯೇ ಬಂತು. ಸ್ಪೀಚ್ ಥೆರಪಿಸ್ಟ್ ಒಂದೇ ಪದವನ್ನು ಮತ್ತೆ ಮತ್ತೆ ಹೇಳಿಸಿ ಅವಳ ಬಾಯನ್ನೇ ನೋಡಿದರು.

"ಏನು ಹೇಳ್ಬೇಕು ಅಂತ ಅವಳಿಗೆ ಗೊತ್ತು. ತುಟಿ, ನಾಲಿಗೆ ಹೇಗೆ ತಿರುಗಬೇಕು ಅನ್ನೋ ಪ್ಲಾನ್ ಮಾತ್ರ ಮೆದುಳಿಂದ ಸರಿಯಾಗಿ ಬರ್ತಿಲ್ಲ. ಇದಕ್ಕೆ ಅಪ್ರಾಕ್ಸಿಯಾ ಅಂತೀವಿ."

"ನಾನು ತೆಲುಗು ಆಡಿದ್ದಕ್ಕೆ ಹಿಂಗಾಯ್ತಾ ಮೇಡಂ?"

"ಖಂಡಿತ ಇಲ್ಲಮ್ಮ. ಎರಡು ಭಾಷೆಯಿಂದ ಇದು ಬರಲ್ಲ. ನಿಮ್ಮ ಮಾತಲ್ಲೇ ಮಾತಾಡ್ಸಿ."

ಅಲ್ಲೇ ಅತ್ತುಬಿಟ್ಟೆ.

ಈಗ ವಾರ ವಾರ ಥೆರಪಿ. ಮನೆಯಲ್ಲಿ ಕನ್ನಡಿ ಮುಂದೆ ಕೂತು ಚಿಕ್ಕ ಚಿಕ್ಕ ಪದಗಳನ್ನು ತಿರುತಿರುಗಿ ಹೇಳುತ್ತೇವೆ. ಬೇಗ ಆಗುವ ಕೆಲಸವಲ್ಲ. ನಾನು ತೆಲುಗು ಆಡಿದರೆ ಅತ್ತೆ ಈಗ ಎದ್ದು ಒಳಗೆ ಹೋಗುತ್ತಾರೆ. "ನೀರು" ಇನ್ನೂ ವಾಪಸ್ ಬಂದಿಲ್ಲ.

ಮೊನ್ನೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮೆಟ್ಟಿಲ ಮೇಲೆ ಕೂತಿದ್ದ ಮಗಳು ಪಕ್ಕದ ಜಾಗ ತಟ್ಟಿದಳು. ನಾಲಿಗೆ ತಡಕಾಡಿತು. ನಾನು ಕಾದೆ.

"ದಾ" ಅಂದಳು.

ಬಕೆಟ್ ಅಲ್ಲೇ ಬಿಟ್ಟು ಹೋಗಿ ಕೂತೆ.