ಒಬ್ಬರಿಗೆ ಮಾಡದ ಕೋಳಿ ಸಾರು

ಇವತ್ತು ಮಧ್ಯಾಹ್ನ ಬಂಗಾರಪೇಟೆಯ ಕೊರಿಯನ್ ಹೋಟೆಲಿನಿಂದ ಉಣ್ಣದೆ ಎದ್ದು ಬರುವುದರಲ್ಲಿದ್ದೆ, ಸ್ನೇಹಿತರೇ.

ನಮ್ಮ ಕಡೆಯ ಹುಡುಗನೊಬ್ಬ, ಅವನ ಕೊರಿಯಾದ ಹೆಂಡತಿ, ಅವಳ ತಾಯಿ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ನಡೆಸುವ ಹೋಟೆಲು ಅದು. ಒಂದು ಸಲ ಹೋಗೋಣ ಎನ್ನುತ್ತಿದ್ದ ನಮ್ಮ ಯಜಮಾನರು ಹೋದ ವರ್ಷ ತೀರಿಕೊಂಡರು. ಇವತ್ತು ಧೈರ್ಯ ಮಾಡಿ ಕ್ಯಾಸಂಬಳ್ಳಿಯಿಂದ ಒಬ್ಬಳೇ ಬಸ್ಸು ಹತ್ತಿದ್ದೆ. ಪಕ್ಕದ ಮೇಜಿನ ಮೇಲೆ ಕುದಿಯುತ್ತಿದ್ದ ಕೋಳಿ ಸಾರನ್ನು ತೋರಿಸಿ, ಅದೇ ಕೊಡಪ್ಪ ಎಂದೆ.

"ಅದು ಒಬ್ರಿಗೆ ಮಾಡಲ್ಲಕ್ಕಾ. ಕೊರಿಯಾ ಕಡೆ ಇಬ್ರು ಕುಂತು ಒಂದೇ ಪಾತ್ರೇಲಿ ತಿನ್ನೋದು. ಇನ್ನೊಬ್ರು ಬತ್ತಾರಾ?"

"ಇಲ್ಲಪ್ಪ. ಅವ್ರು ಇನ್ನು ಬರಲ್ಲ," ಎಂದು ಚೀಲ ಎತ್ತಿಕೊಂಡೆ.

ಒಳಗಿನಿಂದ ಅವನ ಅತ್ತೆ ತಮ್ಮ ಭಾಷೆಯಲ್ಲಿ ಏನೆಂದು ಕೇಳಿದರು. ಹುಡುಗ ಹೇಳಿದ. ಅವರು ಅವನನ್ನು ಜೋರಾಗಿ ಗದರಿದರು.

"ಎಲ್ಲಿಗೂ ಓಗಬ್ಯಾಡಿ, ಕುಂತ್ಕೊಳಕ್ಕಾ. ಎರಡನೇ ಆಳು ನಮ್ಮತ್ತೇನೇ ಅಂತೆ," ಎಂದ ಹುಡುಗ, ತಲೆ ಕೆರೆದುಕೊಳ್ಳುತ್ತ.

ಆ ಅಮ್ಮ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತರು. ಪಾತ್ರೆ ಬಂತು. ನಾನಿನ್ನೂ ತಿನ್ನುತ್ತಿರುವಾಗಲೇ ಅದಕ್ಕೆ ತಮ್ಮ ಚಮಚ ಅದ್ದಿದರು. ಎಂಜಲು ಎಂದು ನಾನು ಹಿಂಜರಿಯುವಷ್ಟರಲ್ಲಿ ನನ್ನ ಅನ್ನದ ಮೇಲೆ ಕೋಳಿ ಕಾಲೊಂದನ್ನು ಇಟ್ಟಿದ್ದರು.

"ತಿನ್ನು, ತಿನ್ನು," ಎಂದರು. ಅವರಿಗೆ ಬರುವ ಕನ್ನಡ ಅಷ್ಟೇ.

ಹೊರಡುವಾಗ ಅವರ ಎರಡೂ ಕೈ ಹಿಡಿದುಕೊಂಡೆ.

ಯಜಮಾನರು ಹೋದ ಮೇಲೆ ನಮ್ಮ ಮನೆಯಲ್ಲಿ ದಿನವೂ ಸಾರು ಮಿಗುತ್ತದೆ. ಇವತ್ತು ಮಿಗಲಿಲ್ಲ. ನಿಜ ಹೇಳಬೇಕೆಂದರೆ, ಆ ಅಮ್ಮ ತಿಂದ ವೇಗಕ್ಕೆ ನನಗೇ ಸಾಲಲಿಲ್ಲ.